ಷರಾ

ಕೋಬೋ ಬಯಲಲ್ಲಿ ಈ ಸಲ ಮಳೆ
ಹೂವಿಗೆ ಮೊದಲೇ ಕೈಬಿಟ್ಟಿತು.
ನಮಗೆ ಬೇಕಿದ್ದದ್ದೂ ಅದೇ.
ಒಣಗಲೆಂದೇ ಬಿತ್ತಿದ್ದೆವು
ಮುನ್ನೂರ ಎಂಬತ್ತು ಸಾಲು ಜೋಳ,
ಒಂದೊಂದು ಸಾಲು ಒಂದೊಂದು ಮನೆಯದು.
ವೊಲ್ಲೋದ ಇಳಿಜಾರಿನದು, ಹರಾರ್ಗೆಯ ಕಲ್ಲುಹೊಲದ್ದು,
ಗಾಂಬೆಲಾದ ಹೊಳೆದಂಡೆಯದು;
ಕೊಕ್ಕರೆಕತ್ತಿನದು, ಮುಷ್ಟಿ ಬಿಗಿದದ್ದು,
ತಲೆ ಕೆದರಿಕೊಂಡದ್ದು,
'ಬಾಯೊಳಗಿನ ಹಾಲು' ಎಂಬ ಹೆಸರಿನದು,
'ಗೋಧಿಯ ಹಂಗೇಕೆ' ಎಂಬ ಹೆಸರಿನದು.
ಹೆಸರುಗಳನ್ನೆಲ್ಲ ಕಳಚಿ ಹೊರಗಿಟ್ಟು
ಕೊರಳಿಗೆ ನಂಬರಿನ ಚೀಟಿ ಕಟ್ಟಿದವನು ನಾನೇ.

ಕೆಲಸ ಸರಳ.
ಸೂರ್ಯ ಹುಟ್ಟಿದ ಒಂದು ಗಂಟೆಗೆ,
ನಮ್ಮ ಗಡಿಯಾರದಲ್ಲಿ ಅದು ಒಂದೇ ಗಂಟೆ,
ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು
ಎಲೆ ನೋಡುವುದು.
ಪೂರ್ತಿ ರವದಿಯಾಗಿದ್ದರೆ ಐದು,
ಅರ್ಧ ಸುಟ್ಟಿದ್ದರೆ ಮೂರು,
ಹಸಿರಿದ್ದರೆ ಒಂದು.
ಅಟ್ಟಣೆಯ ಮೇಲಿನ ಹುಡುಗ ಕವಣೆ ಬೀಸಿ ಹಕ್ಕಿ ಓಡಿಸುತ್ತಾನೆ.
ಆಗಾಗ ನನ್ನ ಟೋಪಿಯೂ ಹಕ್ಕಿಯೇ ಅವನಿಗೆ.
ಐದು, ಐದು, ನಾಲ್ಕು, ಐದು.
ಇನ್ನೂರ ಹದಿನೇಳರಲ್ಲಿ ಪೆನ್ನು ನಿಂತಿತು.
ಒಂದು.
ಸುತ್ತ ಹೋಗಿ ನೋಡಿದೆ, ಕಾಲುವೆ ಒಡೆದಿದೆಯೇ,
ಯಾರಾದರೂ ರಾತ್ರಿ ಕದ್ದು ನೀರು ಹಾಯಿಸಿದರೇ ಎಂದು.
ಬೆರಳು ಇಳಿಸಿದಷ್ಟು ಆಳಕ್ಕೂ ಮಣ್ಣು ಬೂದಿ.
ಆ ಬೂದಿಯ ಮೇಲೆ ಹಾಲ್ದೆನೆ ಹೊತ್ತು
ನಿಂತಿತ್ತು, ತನಗೇನೂ ಗೊತ್ತಿಲ್ಲವೆಂಬಂತೆ.

ಅಡಿಸ್‌ನಲ್ಲಿ ಡಾಕ್ಟರ್ ಫಿರೆಹಿವೊತ್ ಪರದೆ ತಿರುಗಿಸಿ ತೋರಿಸಿದರು.
ಹತ್ತು ವರ್ಣತಂತುಗಳ ಉದ್ದಕ್ಕೂ ಲಕ್ಷಗಟ್ಟಲೆ ಚುಕ್ಕಿ,
ಕೇರಿದ ಮೇಲೆ ಮೊರದಲ್ಲಿ ಉಳಿದ ಧೂಳಿನ ಹಾಗೆ
ನೆಲಕ್ಕಂಟಿ ಬಿದ್ದಿವೆ.
ಮೂರನೆಯದರ ಮೇಲೆ ಮಾತ್ರ
ಇರುವೆಗೂಡಿನಷ್ಟು ಒಂದು ದಿಬ್ಬ.
"ಇಲ್ಲೇ ಎಲ್ಲೋ" ಅಂದರು. ಆಮೇಲೆ ನಕ್ಕರು,
"ಇಲ್ಲೇ ಎಲ್ಲೋ ಅಂದರೆ ಇನ್ನೂ ಅರವತ್ತು ಜೀನು."
ನಾನು ಕೇಳಿದೆ: ಒಣಗಿ ಹೋದವನ್ನು ಯಾಕೆ ಬೆಳೆಸಿದೆವು,
ಹಸಿರಿರುವುದನ್ನೇ ತಂದರೆ ಸಾಕಿತ್ತಲ್ಲ?
"ಎಲ್ಲ ಸಾಲೂ ಹೌದು ಅಂದರೆ
ಯಾವ ಪ್ರಶ್ನೆಗೆ ಹೌದು ಅಂದವೆಂದು ತಿಳಿಯುವುದು ಹೇಗೆ?
ಬೆರಳು ತೋರಿಸಿದ್ದು ಸತ್ತ ಸಾಲುಗಳು."
ಅಂದಿನಿಂದ ಐದು ಬರೆಯುವಾಗ
ಕೈ ತುಸು ಮೆತ್ತಗಾಯಿತು.

ನಂಬರಿನ ಹಿಂದಿನ ಹೆಸರು ಹುಡುಕಿ ಹೋದೆ.
ಎಮಾವೈಶ್, ಬಸ್ಸಿಳಿದು ಎರಡು ಗುಡ್ಡದಾಚೆ.
ಕಾಫಿಬೀಜ ಹುರಿಯುತ್ತಿದ್ದಳು. ಹೊಗೆಯನ್ನು
ನನ್ನ ಮುಖದ ಕಡೆ ತಳ್ಳಿ ಕೂರಲು ಹೇಳಿದಳು.
ಬರಕ್ಕೆಂದು ಉಳಿಸಿಕೊಂಡಿರೇನು ಈ ಬೀಜ?
"ಬರಕ್ಕಲ್ಲಪ್ಪ. ದಾಮನಿಗೆ."

ದಾಮ ಅವಳ ಕಂದು ಎತ್ತು. ಹಲ್ಲು ಸವೆದಿತ್ತು.
ಒಣ ಕಣಿಕೆ ಹಾಕಿದರೆ ನಾಲಗೆಯಲ್ಲಿ ತಿರುವಿ ತಿರುವಿ
ಬಿಟ್ಟುಬಿಡುತ್ತಿತ್ತು. ಕೊಯ್ಲಿನಲ್ಲೂ ರಸವಿದ್ದ ದಂಟು
ಆ ಹೊಲದಲ್ಲಿ ಐದೋ ಆರೋ.
ಅವುಗಳ ತೆನೆಯನ್ನೇ ಮುರಿದು ಒಲೆಯ ಮೇಲೆ ಹೊಗೆಗೆ ಕಟ್ಟಿದಳು.
ಮರುವರ್ಷವೂ. ಅದರ ಮರುವರ್ಷವೂ.
"ಕಾಳು ಕಮ್ಮಿ. ಇಂಜೆರಾ ಗಟ್ಟಿಯಾಗುತ್ತೆ, ಸೊಸೆ ಬೈಯ್ಯುತ್ತಾಳೆ.
ಎತ್ತು ಉತ್ತರೆ ತಾನೆ ಮಿಕ್ಕಿದ್ದೆಲ್ಲ?"
ದಾಮ ಹೋಗಿ ಎಷ್ಟೋ ವರ್ಷ.
ಮತ್ತೆ ಯಾಕೆ ಬಿತ್ತುತ್ತೀರಿ ಎಂದೆ.
ಸ್ವಲ್ಪ ಯೋಚಿಸಿದಳು.
"ಬಿತ್ತುತ್ತಿದ್ದೆನಲ್ಲ, ಅದಕ್ಕೆ."

ಹೊರಡುವಾಗ ಒಂದು ತುಂಡು ದಂಟು ಕೊಟ್ಟಳು.
ಹಲ್ಲಲ್ಲಿ ಸಿಗಿದೆ, ಸಿಪ್ಪೆ ತುಟಿ ಕೊಯ್ದಿತು,
ಬಸ್ಸು ಕೋಬೋ ಮುಟ್ಟುವವರೆಗೂ
ಸಿಹಿ ಉರಿಯುತ್ತಿತ್ತು.

ನಮೂನೆಯಲ್ಲಿ ಹದಿನಾಲ್ಕು ಕಾಲಂ.
ಎತ್ತರ, ಹೂಬಿಟ್ಟ ದಿನ, ತೆನೆಯ ತೂಕ,
ಕಟ್ಟಕಡೆಗೆ ಷರಾ.
ಅಲ್ಲಿ ಬರೆದೆ: ಹಲ್ಲಿಲ್ಲದ ಎತ್ತು ತಿನ್ನುತ್ತದೆ.
ಕಂಪ್ಯೂಟರು ಒಪ್ಪಲಿಲ್ಲ.
ಅಂಕಿ ಕೊಡಿ ಎಂದಿತು.
ಹೊರಗೆ ಅಟ್ಟಣೆಯ ಹುಡುಗ ಯಾವುದೋ ಹಕ್ಕಿಗೆ ಬೈಯುತ್ತಿದ್ದ.
ಕೊಟ್ಟೆ:
ಒಂದು.